ಬಾಶಿರಾಳ ಗುಟ್ಟಿನ ಹಾಡು

ಜಂಜಿಬಾರಿನ ಒಂದು ಮದುವೆಯಲ್ಲಿ ನಾನು ಮ್ವಾನಕೊಂಬೊಳನ್ನು ಮೊದಲ ಸಲ ಕಂಡೆ. ಹೆಸರಾಂತ ಗಾಯಕಿ ಬಾಶಿರಾ ಹರೆಯದಲ್ಲಿ ಗುಟ್ಟಾಗಿ ಹೆತ್ತು ಯಾರಿಗೋ ಕೊಟ್ಟ ಮಗುವಿನ ಕಥೆಯನ್ನೇ, ಗೆಳತಿಯಾಗಿದ್ದ ಇವಳು ಹಾಡಾಗಿ ಕಟ್ಟಿ ಹೆಸರು, ಹಣ ಎರಡನ್ನೂ ಗಳಿಸಿದ್ದಳು. ಅಂದೂ ಅದನ್ನೇ ಹಾಡುತ್ತಿದ್ದಳು; ಕೇಳುತ್ತ ನಾನೂ ತಲೆದೂಗಿದೆ.

ಚುಚ್ಚುವ ಸಾಲು ಬಂದಾಗ ಹೆಂಗಸರು ಎದ್ದು, ತಮಗಾಗದವಳತ್ತ ನೋಡುತ್ತ ಹಾಡುವವಳಿಗೆ ನೋಟು ಕೊಡುವುದು ಇಲ್ಲಿನ ರೂಢಿ. ಅಂದು ಎದ್ದ ಹುಡುಗಿ ಮ್ವಾನಕೊಂಬೊಳನ್ನೇ ನೋಡುತ್ತ ನೋಟು ಚಾಚಿದಳು.

"ತಗೊಳ್ಳಿ ಚಿಕ್ಕಮ್ಮ. ನನ್ನ ಕತ್ತಿನ ಮಚ್ಚೇನೂ ಬಿಡದೆ ಹಾಡಿದ್ದೀರಿ. ಸಾಕಿದವರನ್ನೇ ಹೆತ್ತವರು ಅಂದ್ಕೊಂಡಿದ್ದೆ."

ಮ್ವಾನಕೊಂಬೊ ಮತ್ತೆ ಹಾಡಲಿಲ್ಲ. ಈಗ ಮುದುಕಿಯಾಗಿ ಬಸ್ ನಿಲ್ದಾಣದಲ್ಲಿ ಮೀನು ಕರಿದು ಮಾರುತ್ತಾಳೆ. ಯಾವುದಾದರೂ ಬಸ್ಸಿನಲ್ಲಿ ಆ ಹಾಡು ಕೇಳಿಸಿದರೆ ಓಡಿಹೋಗಿ, "ನಿಲ್ಲಿಸಪ್ಪಾ" ಎಂದು ಅಂಗಲಾಚುತ್ತಾಳೆ.

"ಇಷ್ಟು ಚೆಂದದ ಹಾಡು ನಿಲ್ಲಿಸೋದಾ ಅಜ್ಜಿ?" ಎಂದು ಡ್ರೈವರು ಇನ್ನಷ್ಟು ಜೋರು ಮಾಡುತ್ತಾನೆ.