ಉದ್ದವ್ವನ ಬಾವು

ಮಸಗುಪ್ಪಿಯ ಹೊಳೆಪ್ಪನ ಮಗಳು ಉದ್ದವ್ವನಿಗೆ ಊರಿನವರು ಇಟ್ಟ ಹೆಸರು ‘ಸೊಕ್ಕಿನ ಉದ್ದವ್ವ’. ಪಾಪ, ಆಕೆಯಲ್ಲಿ ಸೊಕ್ಕು ಸಾಸಿವೆಯಷ್ಟೂ ಇರಲಿಲ್ಲ. ಹುಟ್ಟಿನಿಂದಲೇ ಎರಡೂ ಕಣ್ಣಿನ ರೆಪ್ಪೆಗಳು ಅರ್ಧಕ್ಕೆ ಜೋತುಬಿದ್ದಿದ್ದವು, ಅಷ್ಟೇ. ಎದುರಿಗಿದ್ದವರ ಮುಖ ನೋಡಬೇಕಾದರೆ ಗದ್ದ ಎತ್ತಿ, ರೆಪ್ಪೆಯ ಕೆಳಗಿನ ಸಂದಿಯಿಂದ ನೋಡಬೇಕು. ಗದ್ದ ಎತ್ತಿ ನಡೆಯುವ ಹೆಣ್ಣನ್ನು ನಮ್ಮ ಜನ ಏನೆನ್ನುತ್ತಾರೆಂದು ಬೇರೆ ಹೇಳಬೇಕಾಗಿಲ್ಲ. ನೀರಿಗೆ ಹೋದರೆ ಸಾಕು, “ಬಂದ್ಳು ನೋಡ್ರೆವಾ, ಮುಗಿಲ ನೋಡಕೋತ” ಎನ್ನುತ್ತಿದ್ದರು.

ಕನ್ಯಾ ನೋಡಲು ಬಂದವರ ಮುಂದಂತೂ ಫಜೀತಿಯೇ. ಅಲ್ಲಿ ಹುಡುಗಿ ತಲೆ ತಗ್ಗಿಸಿ ಇರಬೇಕು, ಅದು ಪದ್ಧತಿ. ಮೊದಲ ಸಲ ಉದ್ದವ್ವ ಮನೆಯವರ ಮಾತು ಕೇಳಿ ತಲೆ ತಗ್ಗಿಸಿದಳು. ಕಂಡದ್ದು ವರನ ಕಾಲಿನ ಹೆಬ್ಬೆರಳು ಮಾತ್ರ. ಚಹಾದ ಬಟ್ಟಲನ್ನು ಅವನಿಗೆ ಕೊಡುವ ಬದಲು ಬಾಜೂಕಿದ್ದ ಕಂಬಕ್ಕೆ ಹಿಡಿದಳು. ಎರಡನೆಯ ಸಲ ಬೇರೆಯವರು ಬಂದಾಗ ಜಾಣಳಾಗಿ ಗದ್ದ ಎತ್ತಿದಳು. ಬಂದವರು ಚಹಾ ಕುಡಿದು, “ಹುಡಿಗಿ ಭಾಳ ಎತ್ತರದಾಗ ಅದಾಳ, ನಮಗ ನಿಲುಕೂದಿಲ್ಲ” ಎಂದು ಎದ್ದುಹೋದರು.

ಅವರು ಹೋದ ಮೇಲೆ ಉದ್ದವ್ವ ಅಳಲಿಲ್ಲ. ಅಪ್ಪನ ಮುಂದೆ ಬಂದು ಕೂತಳು.

“ಅಪ್ಪಾ, ನಾಳೆ ನನ್ನ ಗಂಡ ಸಂತ್ಯಾಗ ತಪ್ಪಿಸಿಕೊಂಡ್ರ ಹೆಬ್ಬೆರಳ ನೋಡಿ ಹುಡುಕಲ್ಯಾ? ನಾ ಮಾಡಿಕೊಳ್ಳೂ ಗಂಡಿನ ಮಾರಿ ನಾ ನೋಡಬೇಕು. ಮಿರಜ ದವಾಖಾನ್ಯಾಗ ರೆಪ್ಪಿ ಎತ್ತಿ ಹೊಲೀತಾರಂತ. ಕರಕೊಂಡ ಹೋಗು.”

ಹೊಳೆಪ್ಪ ನಾಲ್ಕು ಮಂದಿಯನ್ನು ಕೇಳಿದ. ಚಂದ ಕಾಣಲಿಕ್ಕೆ ಕಣ್ಣಿಗೆ ಕತ್ತರಿ ಹಾಕಿಸುತ್ತಾರೇನು ಎಂದು ಓಣಿಯವರೆಲ್ಲ ಕೇಳಿದರು. ಆದರೆ ತಾಯಿಯಿಲ್ಲದ ಉದ್ದವ್ವನನ್ನು ಸಾಕಿದ ಸೋದರತ್ತೆ ಗೌರಕ್ಕ ಒಂದೇ ಮಾತಿಗೆ ಎಲ್ಲರ ಬಾಯಿ ಮುಚ್ಚಿಸಿದಳು: “ಕಣ್ಣ ಆಕಿವು. ನಿಮಗ್ಯಾಕ ಉರಿ?”

ಅಷ್ಟರಲ್ಲಿ ಅರಭಾವಿಯಿಂದ ಇನ್ನೊಂದು ಸಂಬಂಧದ ಮಾತು ಬಂದಿತ್ತು. ಹುಡುಗ ಬಾಳೆತೋಟದ ಶೆಟ್ಟೆಪ್ಪ. ಉದ್ದವ್ವನ ಅಣ್ಣ ಹಣಮಂತ ಮುಂಬಯಿಯಲ್ಲಿ ಗಿರಣಿ ಕೆಲಸಕ್ಕಿದ್ದ. ಅವನು ರಜೆಯ ಮೇಲೆ ಬಂದ ಕೂಡಲೇ ಸುದ್ದಿ ಕಳಿಸುವುದು, ಆಮೇಲೆ ಕೂತು ಮಾತಾಡುವುದು ಎಂದು ಎರಡೂ ಮನೆಯವರು ಒಪ್ಪಿಕೊಂಡಿದ್ದರು. ಅದಕ್ಕೂ ಮುಂಚೆ ಕಣ್ಣಿನ ಕೆಲಸ ಮುಗಿಯಲೆಂದು ಉದ್ದವ್ವ ಅವಸರ ಮಾಡಿ ಅಪ್ಪನೊಡನೆ ರೈಲು ಹತ್ತಿದಳು.

ಆಪರೇಶನ್ ಸರಿಯಾಗಿಯೇ ಆಯಿತು. ಡಾಕ್ಟರು ಕಳಿಸುವಾಗ ಹೇಳಿದ್ದೂ ಸರಳ. ಬಾವು ಬರುತ್ತದೆ, ಹೆದರಬೇಡಿ, ವಾರದೊಳಗೆ ಇಳಿಯುತ್ತದೆ. ತಣ್ಣೀರಿನ ಬಟ್ಟೆ ಹಾಕಿ. ತಲೆ ಎತ್ತರಕ್ಕಿಟ್ಟು ಮಲಗಿ. ಬಗ್ಗಬೇಡಿ, ಭಾರ ಎತ್ತಬೇಡಿ, ಮನೆ ಮದ್ದು ಏನನ್ನೂ ಹಚ್ಚಬೇಡಿ.

ಊರಿಗೆ ಬರುವಷ್ಟರಲ್ಲಿ ಬಾವು ಬಂದೇ ಬಂತು. ಎರಡೂ ಕಣ್ಣು ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿ, ನೀಲಿಗಟ್ಟಿ, ಮೊದಲಿದ್ದ ಸಂದಿಯೂ ಮುಚ್ಚಿಹೋಯಿತು. ಗೌರಕ್ಕ ಕೌದಿಗಳನ್ನು ಮಡಚಿ ಒಂದರ ಮೇಲೊಂದು ಒಟ್ಟಿ ಉದ್ದವ್ವನನ್ನು ಒರಗಿಸಿದಳು. ಹರವಿಯ ತಣ್ಣೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಹಾಕುತ್ತ ಕೂತಳು. ಆ ತಂಪಿನ ಕೆಳಗೆ ಉದ್ದವ್ವ ಗಟ್ಟಿಯಾಗಿ ಕೂತಿದ್ದರೂ ಒಳಗೊಳಗೇ ಅಂಜುತ್ತಿದ್ದಳು. ಇಷ್ಟೆಲ್ಲ ಮಾಡಿ ಇದ್ದದ್ದನ್ನೂ ಕಳೆದುಕೊಂಡೆನೇನೋ ಎಂಬ ಭಯ.

ನೆರೆಮನೆಯ ಚನ್ನವ್ವ ಔಡಲೆಣ್ಣೆ, ಉಪ್ಪಿನ ಗಂಟು ಹಿಡಿದು ಬಂದಳು. “ಬಿಸಿ ಶಾಖಾ ಕೊಡ್ತೇನಿ, ಬಾವು ಎಲ್ಲಿದ್ದಲ್ಲಿ ಓಡತೈತಿ.”

“ಬಾವು ಆಮ್ಯಾಲ ಓಡತೈತಿ, ಮೊದಲ ನೀ ಓಡು” ಎಂದು ಗೌರಕ್ಕ ಬಾಗಿಲಿಗೆ ಅಡ್ಡ ನಿಂತಳು.

ಎಡವಟ್ಟು ಆದದ್ದು ಹೊಳೆಪ್ಪನಿಂದ. ಈ ಸ್ಥಿತಿಯಲ್ಲಿ ಬೀಗರು ಬಂದಾರೆಂದು ಹೆದರಿ, ಘಟಪ್ರಭಾ ಸ್ಟೇಶನ್ನಿನ ಚಹಾದವನಿಗೆ, “ಉದ್ದವ್ವಗ ಬಾವು ಬಂದೈತಿ ಅಂತ ಅರಭಾವಿಗೆ ಹೇಳಿ ಕಳಸು, ಅವರಿಗೆ ತಿಳೀತೈತಿ” ಎಂದ. ಮಿರಜಿಗೆ ಹೋದದ್ದನ್ನು ಅರಭಾವಿಯವರಿಗೆ ಯಾರೂ ಹೇಳಿಯೇ ಇಲ್ಲವೆಂಬುದು ಅವನಿಗೆ ಹೊಳೆಯಲಿಲ್ಲ. ಚಹಾದವನು ಮರಾಠಿಯವನು. ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದರೂ ಅವನ ಕಿವಿ ಸೇರಿರಲಿಲ್ಲ. ಬಾವು ಅವನಿಗೆ ಭಾವು ಎಂದು ಕೇಳಿಸಿತು, ಮರಾಠಿಯಲ್ಲಿ ಭಾವು ಎಂದರೆ ಅಣ್ಣ. ಉದ್ದವ್ವನ ಭಾವು ಬಂದಿದ್ದಾನೆಂದು ಅರಭಾವಿಯ ಗಿರಾಕಿಯೊಬ್ಬನ ಕೈಲಿ ಹೇಳಿಕಳಿಸಿದ.

ಮರುದಿನವೇ ಶೆಟ್ಟೆಪ್ಪ, ಅವನ ತಾಯಿ ಮರೆವ್ವ ಬಾಳೆಗೊನೆ ಸಮೇತ ಬಂಡಿಯಿಂದ ಇಳಿದರು.

“ಎಲ್ಲಿ, ಭಾವು ಬಂದಾನಂತಲ್ರಿ?” ಎಂದಳು ಮರೆವ್ವ, ಪಡಸಾಲೆಯಲ್ಲಿ ಕೂರುತ್ತ.

ಹೊಳೆಪ್ಪ ತೊದಲಿದ. “ಒಳಗ ಐತ್ರಿ.”

ಮಗನನ್ನು ‘ಐತಿ’ ಎನ್ನುವ ಅಪ್ಪನನ್ನು ಮರೆವ್ವ ಅದೇ ಮೊದಲು ಕಂಡದ್ದು. “ಊಟಕ್ಕ ಏನ ಹಾಕೀರಿ?”

“ಅದಕ್ಕ ಎಂಥಾ ಊಟ್ರಿ? ತಣ್ಣೀರ ಬಟ್ಟಿ ಹಾಕೇವಿ.”

“ಅಯ್ಯ, ಜ್ವರಾ ಬಂದಾವೇನು?”

“ಇಲ್ರಿ. ಎರಡೂ ಕಡೆ ಬಂದೈತಿ, ಅಷ್ಟ.”

“ಇಬ್ಬರು ಬಂದಾರ? ನಿಮಗ ಒಬ್ಬನ ಮಗ ಅಂದಿದ್ರಿ.”

ಬಂಡಿಯ ಸದ್ದು ಕೇಳಿದಾಗಿನಿಂದ ಉದ್ದವ್ವ ಒಳಗೆ ಬೆವರುತ್ತಿದ್ದಳು. ಎದ್ದು ಹಿತ್ತಲಿಗೆ ಹೋಗಿ ಅಡಗಬೇಕೆಂದರೆ ಗೌರಕ್ಕ ಭುಜ ಒತ್ತಿ ಹಿಡಿದಿದ್ದಳು. ಆದರೆ ಈ ಮಾತು ಕಿವಿಗೆ ಬಿದ್ದದ್ದೇ ಎಲ್ಲರಿಗಿಂತ ಮೊದಲು ಆಕೆಗೇ ಅರ್ಥವಾಯಿತು. ನಗು ಒತ್ತರಿಸಿ ಬಂತು. ಹೊಲಿಗೆ ಜಗ್ಗಿ ನೋವಾದರೂ ನಗು ನಿಲ್ಲಲಿಲ್ಲ.

“ಅತ್ತಿ, ಅವರನ್ನ ಒಳಗ ಕರಿ. ನನ್ನ ಎರಡೂ ಭಾವುಗೋಳನ್ನ ನೋಡಿ ಹೋಗ್ಲಿ.”

ಮರೆವ್ವ ಒಳಗೆ ಬಂದು ನೋಡಿದಳು. ಮೊದಲು ಗಾಬರಿಯಾದಳು. ಗೌರಕ್ಕ ವಿಷಯ ಬಿಡಿಸಿ ಹೇಳಿದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಕೂತು ನಕ್ಕಳು. ಬಾಗಿಲಾಚೆ ಗಂಡಸಿನ ನಗುವೂ ಕೇಳಿಸಿತು. ಆ ನಗು ಉದ್ದವ್ವನಿಗೆ ಹಿಡಿಸಿತು. ಹಿಡಿಸಿತೆಂದೇ ಧೈರ್ಯವೂ ಬಂತು.

“ಚಂದ ಕಾಣಾಕ ಮಾಡಿಸಿದೇನವಾ?” ಎಂದಳು ಮರೆವ್ವ.

“ಕಾಣಾಕೂ ಹೌದ್ರಿ, ನೋಡಾಕೂ ಹೌದು. ನಿಮ್ಮ ಮಗನ ನಗಿ ಕೇಳೇನಿ, ಮಾರಿ ಕಂಡಿಲ್ಲ. ಕಾಣದ ನಾ ಹೂಂ ಅನ್ನಾಕಿ ಅಲ್ಲ. ಬಾವು ಇಳಿದ ಮ್ಯಾಲ ಇನ್ನೊಮ್ಮೆ ಬರ್ರಿ.”

ಹೊಳೆಪ್ಪ ಕಣ್ಣು ಮುಚ್ಚಿಕೊಂಡ. ಈ ಸಂಬಂಧವೂ ಹೋಯಿತೆಂದೇ ಅವನ ಲೆಕ್ಕ. ಮರೆವ್ವ ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಹೊರಗಿನಿಂದ ಶೆಟ್ಟೆಪ್ಪನ ದನಿ ಬಂತು. “ಬರ್ತೇನ್ರಿ. ಆರಾಮ ಆಗ್ಲಿ, ಅವಸರ ಏನಿಲ್ಲ.”

ಬಾವು ಡಾಕ್ಟರು ಹೇಳಿದಂತೆಯೇ ಇಳಿಯಿತು. ನೀಲಿ ಹೋಗಿ ಹಳದಿಯಾಯಿತು, ಹಳದಿಯೂ ಹೋಯಿತು. ಮಿರಜಿಗೆ ಹೋಗಿ ಹೊಲಿಗೆ ಬಿಚ್ಚಿಸಿಕೊಂಡು ಬಂದ ಮೇಲೆ ಒಂದು ಮುಂಜಾನೆ ಉದ್ದವ್ವ ಎದ್ದು ಬಾಗಿಲ ಕಡೆ ನೋಡಿದಳು. ಗದ್ದ ಎತ್ತದೆಯೇ ಬಾಗಿಲು ಪೂರ್ತಿ ಕಂಡಿತು. ಹೊರಗಿನ ಎಮ್ಮೆ ಕಂಡಿತು, ಅದರಾಚೆಯ ಓಣಿ ಕಂಡಿತು. ಆಕೆಗೆ ಆದ ಖುಷಿ ಅಷ್ಟಿಷ್ಟಲ್ಲ. ಮನೆಯ ತುಂಬ ಓಡಾಡಿ ಕಂಡಕಂಡದ್ದನ್ನೆಲ್ಲ ನೋಡಿದಳು.

“ಅತ್ತಿ, ನಿನಗ ಇಷ್ಟು ಕೂದಲಾ ಬೆಳ್ಳಗಾಗ್ಯಾವು?”

“ಹಾಳಾದ ಡಾಕ್ಟರ” ಎಂದು ಗೌರಕ್ಕ ನಕ್ಕು ಕಣ್ಣೊರೆಸಿಕೊಂಡಳು.

ಅರಭಾವಿಯ ಬಂಡಿ ಮತ್ತೆ ಬರುವ ಹೊತ್ತಿಗೆ ಖರೆ ಭಾವು ಹಣಮಂತನೂ ಬಂದಿದ್ದ. ಉದ್ದವ್ವ ಚಹಾ ತಂದು ಶೆಟ್ಟೆಪ್ಪನ ಕೈಗೇ ಕೊಟ್ಟಳು. ಕೊಟ್ಟು ಅಲ್ಲೇ ನಿಂತು ಅವನ ಮುಖವನ್ನು ನೆಟ್ಟಗೆ ನೋಡಿದಳು. ಎಷ್ಟು ಹೊತ್ತಾದರೂ ನೋಡುತ್ತಲೇ ಇದ್ದಳು. ಹಿರಿಯರು ಕೆಮ್ಮತೊಡಗಿದರು.

“ಏನ ನೋಡಾಕತ್ತೀ ಅಷ್ಟು?” ಎಂದು ಗೌರಕ್ಕ ಮೆಲ್ಲಗೆ ತಿವಿದಳು.

“ಎಡಗಡೆ ಮೀಸಿ ಸ್ವಲ್ಪ ಗಿಡ್ಡ ಐತಿ ಅತ್ತಿ.”

ಶೆಟ್ಟೆಪ್ಪ ಮೀಸೆಗೆ ಕೈ ಹಚ್ಚಿದ. ಕಿವಿ ಕೆಂಪಗಾದವು. “ಸರಿ ಮಾಡಿಸಿಕೊಂಡ ಬರ್ಲೇನ್ರಿ?”

“ಬ್ಯಾಡ ಬಿಡ್ರಿ, ಇರ್ಲಿ” ಎಂದಳು ಉದ್ದವ್ವ. “ನಾ ನಿಮ್ಮನ್ನ ಮೊದಲ ನೋಡಿದ್ದು ಹಿಂಗ.”