ಮಂಗಳನಲ್ಲಿ ಇಳಿದ ನೌಕೆ, ನಂದೊಳ್ಳಿಯಲ್ಲಿ ಬಿಟ್ಟ ಕವಳ

"ನೌಕೆ ಸರಿಯಾಗಿ ಇಳಿದ್ರೆ ಆನು ಕವಳ ಬಿಡ್ತೆ," ಎಂದು ನಂದೊಳ್ಳಿಯ ನಮ್ಮ ಭಾವ ಗಣಪತಿಯ ಪಟಕ್ಕೆ ಕೈಮುಗಿದರು. ಟಿ.ವಿ.ಯಲ್ಲಿ ಮಂಗಳ ಗ್ರಹಕ್ಕೆ ಹೋದ ನೌಕೆ ಇಳಿಯುವ ಗಳಿಗೆ. ಬಾಯಿಯ ಹುಣ್ಣು ನೋಡಿ ಡಾಕ್ಟರು ಬೈದರೂ, ಹೆಂಡತಿಯಾದ ನನ್ನ ಅಕ್ಕ ಅತ್ತರೂ ಬಿಡದ ಎಲೆ-ಅಡಕೆ-ತಂಬಾಕನ್ನು ಯಾವುದೋ ದೇಶದ ನೌಕೆಗಾಗಿ ಬಿಡುತ್ತಾರೆಂದು ಕೇಳಿ ಅಕ್ಕ ಅಡುಗೆಮನೆಯಿಂದ ಓಡಿಬಂದಳು.

ನೌಕೆ ಇಳಿಯಿತು. ವಿಜ್ಞಾನಿಗಳು ಕುಣಿದರು, ಭಾವ ಪೆಚ್ಚಾದರು. ಅಷ್ಟರಲ್ಲಿ ಟಿ.ವಿ.ಯವನು, ಅಲ್ಲಿಂದ ಸಂಕೇತ ಬರಲು ಹತ್ತಾರು ನಿಮಿಷ ಬೇಕು, ನಾವು ಉಸಿರು ಬಿಗಿಹಿಡಿದು ಕೂತಾಗಲೇ ನೌಕೆ ಇಳಿದಾಗಿತ್ತು ಎಂದ. ಭಾವನ ಮುಖ ಅರಳಿತು.

"ಹಂಗಾರೆ ಆನು ಹೇಳ್ಕಂಬದ್ರೊಳಗೇ ಅದು ಇಳ್ದಾಗಿತ್ತು. ಈ ಹರಕೆ ಲೆಕ್ಕಕ್ಕಿಲ್ಲೆ," ಎಂದು ಕವಳದ ಬಟ್ಟಲಿಗೆ ಕೈಹಾಕಿದರು.

ಅಕ್ಕ ಬಟ್ಟಲನ್ನು ತನ್ನತ್ತ ಎಳೆದುಕೊಂಡಳು. "ನಿಂಗ ಹರಕೆ ಹೇಳ್ಕತ್ರಿ ಹೇಳಿ ದೇವ್ರಿಗೆ ಮೊದ್ಲೇ ಗೊತ್ತಿತ್ತು. ಅದಕ್ಕೇ ಮೊದ್ಲೇ ಇಳ್ಸಿದ್ದ."

ಭಾವ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು; ಅಂದಿನಿಂದ ಕವಳ ಮುಟ್ಟಿಲ್ಲ. ಈಗ ಅವರ ಬಾಯಿಯ ಹುಣ್ಣು ಪೂರ್ತಿ ವಾಸಿಯಾಗಿದೆ. ಡಾಕ್ಟರು ಮಾತ್ರ ಅದು ತಾವು ಕೊಟ್ಟ ಮುಲಾಮಿನ ಗುಣ ಎಂದೇ ನಂಬಿದ್ದಾರೆ. ನಾವೂ ತಿದ್ದಲು ಹೋಗಿಲ್ಲ.