ಒಟ್ಟೋನನ್ನು ಮಣ್ಣು ಮಾಡಿದ ದಿನ

ನನ್ನ ಗಂಡ ಸಂಗನಬಸಪ್ಪನವರಿಗೆ ಅಮೆರಿಕದ ನಮ್ಮೂರು ರಾಂಚೊ ಬರ್ನಾರ್ಡೊದ ಕನ್ನಡದವರು ಇಟ್ಟ ಹೆಸರು ‘ಜರ್ಮನ್ ಬಸಪ್ಪ’. ನಗುವವರು ನಗಲಿ. ಟೆಲಿಕಾಂ ಆಫೀಸಿನಲ್ಲಿ ಇಡೀ ದಿನ ಬಾಯಿ ಬಿಡದ ಮನುಷ್ಯ, ಶುಕ್ರವಾರ ಸಂಜೆ ಜರ್ಮನ್ ಗಾಯನ ಸಂಘದಲ್ಲಿ ನಿಂತು ದನಿ ತೆಗೆದರೆ ಕಿಟಕಿಯ ಗಾಜು ನಡುಗುತ್ತಿತ್ತು.

ಅವರನ್ನು ಅಲ್ಲಿಗೆ ಎಳೆದೊಯ್ದವನು ಬೇಕರಿಯ ಒಟ್ಟೋ. ಬ್ರೆಡ್ಡಿಗೆಂದು ಸಾಲಿನಲ್ಲಿ ನಿಂತು ಇವರು ಗುನುಗುತ್ತಿದ್ದುದನ್ನು ಕೇಳಿ, “ನಮಗೆ ಇಂಥ ದಪ್ಪ ದನಿ ಬೇಕು, ಬಾ” ಎಂದಿದ್ದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಿಂದ ವಲಸೆ ಬಂದ ಬಡಗಿಗಳು, ಬೇಕರಿಯವರು ತಾವೇ ಗೋಡೆ ಎಬ್ಬಿಸಿ ಕಟ್ಟಿದ ಸಂಘ ಅದು. ಗಂಡಸರು ಹಾಡುವುದು, ಆಮೇಲೆ ಎಲ್ಲರೂ ಕೂಡಿ ಉಣ್ಣುವುದು, ಕುಣಿಯುವುದು. ಸದಸ್ಯನೊಬ್ಬ ಸತ್ತರೆ ಉಳಿದವರು ಗುಂಡಿಯ ಸುತ್ತ ನಿಂತು ವಿದಾಯದ ಹಾಡು ಹೇಳಬೇಕು. ಈ ಪದ್ಧತಿ ನಮ್ಮವರ ಮನಸ್ಸಿಗೆ ಹಿಡಿಸಿತ್ತು. ನಾವು ಧಾರವಾಡದ ಕಡೆಯ ಲಿಂಗಾಯತರು, ಭಜನೆ ಇಲ್ಲದೆ ಯಾರನ್ನೂ ಮಣ್ಣು ಮಾಡಿದವರಲ್ಲ.

2020ರಲ್ಲಿ ಕೊರೋನಾ ಬಂತು. ಹಾಡಿದರೆ ಹರಡುತ್ತದೆಂದು ಹಾಡು ನಿಂತಿತು. ಸರಿ, ಒಪ್ಪೋಣ. ಆದರೆ ಕಾಯಿಲೆ ಇಳಿದ ಮೇಲೆ ಸಂಘದ ಅಧ್ಯಕ್ಷ ಡೀಟರ್ ಬಾಗಿಲು ತೆರೆದದ್ದು ಬಿಯರ್ ಕುಡಿಯುವ ಬಾರಿಗೆ ಮಾತ್ರ! ಹಾಡುಗಾರರು ಮುದುಕರಾದರು, ಬಿಯರ್ ಹಬ್ಬಕ್ಕೆ ಜನ ಬರುತ್ತಾರೆ, ಅಷ್ಟು ಸಾಕು ಎಂದ. ಹೆಸರಿಗೆ ಗಾಯನ ಸಂಘವಂತೆ, ಗಾಯನವೇ ಇಲ್ಲ. ಥೂ!

2023ರಲ್ಲಿ ಒಟ್ಟೋ ಹಾಸಿಗೆ ಹಿಡಿದ. “ನನ್ನ ಗುಂಡಿಯ ಹತ್ತಿರ ಬಾಯಿಂದ ಹಾಡಿ, ಮಷೀನಿನಿಂದ ಬೇಡ” ಎಂದು ನಮ್ಮವರಿಂದ ಮಾತು ತೆಗೆದುಕೊಂಡ. ಅವನು ಹೋದ ಮೇಲೆ ಇವರು ಹಳೆಯ ಹಾಡುಗಾರರಿಗೆಲ್ಲ ಫೋನ್ ಮಾಡಿದರು. ಒಬ್ಬನಿಗೆ ಮಂಡಿನೋವು, ಇನ್ನೊಬ್ಬ ಮಗಳ ಊರು ಸೇರಿದ್ದ. ಮಿಕ್ಕವರಿಗೆ ಡೀಟರ್ ಮೊದಲೇ ಹೇಳಿಬಿಟ್ಟಿದ್ದನಂತೆ, ತೊಂದರೆ ತೊಗೋಬೇಡಿ, ಸ್ಪೀಕರ್ ತರುತ್ತೇನೆ ಎಂದು.

ಸ್ಮಶಾನದಲ್ಲಿ ಆ ಪುಣ್ಯಾತ್ಮ ನಿಜವಾಗಿಯೂ ಸ್ಪೀಕರ್ ಇಟ್ಟು ಬಟನ್ ಒತ್ತಿದ. ನನ್ನ ಮೈಯೆಲ್ಲ ಉರಿಯಿತು.

“ರೀ, ನೋಡ್ಕೋತ ನಿಂತೀರಲ್ಲ! ಏನಾಗೇದ ನಿಮಗ?”

“ನೀ ಸುಮ್ಕಿರು, ಗೌರಿ.”

ನಮ್ಮವರು ಸೀದಾ ಹೋಗಿ ಸ್ಪೀಕರ್ ಆರಿಸಿ, ಒಬ್ಬರೇ ಹಾಡತೊಡಗಿದರು. ಆದರೆ ಸಂಘದ ಹಾಡಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾಲು, ಅಷ್ಟು ವರ್ಷ ಅವರು ಕಲಿತದ್ದು ರಾಗಕ್ಕೆ ಒತ್ತು ಕೊಡುವ ಕೆಳದನಿಯ ಪಾಲು ಮಾತ್ರ. ಹಾಡಿನ ರಾಗ ಬೇರೆಯವರ ಬಾಯಲ್ಲಿತ್ತು. ರಾಗವಿಲ್ಲದ ಆ ದಪ್ಪ ದನಿ ಒಂದೇ ಸಮನೆ ಗುಂಯ್ ಅನ್ನುತ್ತಿತ್ತು, ಯಾವ ಹಾಡೆಂದು ಯಾರಿಗೂ ತಿಳಿಯಲಿಲ್ಲ. ಡೀಟರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಅವನ ಕೆನ್ನೆಗೆ ಎರಡು ಬಿಗಿಯಬೇಕೆನಿಸಿತು ನನಗೆ.

ಆಗ ಒಟ್ಟೋನ ಹೆಂಡತಿ ಹೆಲ್ಗಾ ಗಾಲಿಕುರ್ಚಿಯಿಂದ ಎದ್ದು ನಿಂತು ರಾಗ ಎತ್ತಿಕೊಂಡಳು. ಒಂದು ಪದ ತಪ್ಪಲಿಲ್ಲ. ನಾನೂ ಅವಳೂ ಸಂಘದ ಅಡುಗೆಮನೆಯಲ್ಲಿ ಎಷ್ಟೋ ಶುಕ್ರವಾರ ಆಲೂಗಡ್ಡೆ ಸುಲಿದಿದ್ದೇವೆ. ಅವಳು ಹಾಡಬಲ್ಲಳೆಂದು ನನಗೇ ಗೊತ್ತಿರಲಿಲ್ಲ. ಈಗ ಅದು ಹಾಡಾಯಿತು. ಕೊನೆಯ ಸಾಲಿನವರೆಗೂ ಇಬ್ಬರೂ ಹಾಡಿದರು.

ಡೀಟರ್ ಹೆಲ್ಗಾಳ ಹತ್ತಿರ ಬಂದು, “ಇಷ್ಟು ಚೆನ್ನಾಗಿ ಹಾಡ್ತೀರಿ! ಸಂಘದ ಹಾಡಿಗೆ ನಿಮ್ಮನ್ನೂ ಸೇರಿಸಿಕೊಳ್ಳಿ ಅಂತ ಒಂದು ಸಲ ಕೇಳಬಾರದಿತ್ತೇ?” ಎಂದ.

“ಕೇಳಿದ್ದೆ,” ಎಂದಳು ಹೆಲ್ಗಾ. “ಹೆಂಗಸರು ಬಂದರೆ ಹಾಡು ಕೆಡುತ್ತೆ ಅಂದ.”

“ಯಾರು?”

ಅವಳು ಬಗ್ಗಿ ಒಂದು ಹಿಡಿ ಮಣ್ಣೆತ್ತಿ, ಕೆಳಗಿದ್ದ ಒಟ್ಟೋನ ಪೆಟ್ಟಿಗೆಯ ಮೇಲೆ ರಪ್ಪನೆ ಎಸೆದಳು.